ಕೇಸ್ ಕಾರ್ಡಿನಲ್ಲಿ ನಾನು ಬರೆದ ‘ಇಲ್ಲ’

ಕೊರೊನಾ ಮುಗಿದ ಎರಡನೇ ವರ್ಷ. ನಾನು ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಶುಕ್ರವಾರ ಜಗಳೂರು. ಗುರುವಾರ ಕಚೇರಿಯಲ್ಲಿ ಕೂತು, ಉಳಿದ ನಾಲ್ಕು ದಿನ ಏನು ಮಾಡಿದೆವು ಎಂದು ಬರೆಯುವ ಕೆಲಸ. ಡಾಕ್ಟರು ಒಬ್ಬರು, ನಾನೊಬ್ಬಳು, ಜೀಪು ಒಂದು. ಜೀಪು ಮುನಿಸಿಕೊಂಡ ದಿನ ಬಸ್ಸು. ನಾವು ಇಳಿಯುತ್ತಿದ್ದಂತೆ “ಹುಚ್ಚರ ಡಾಕ್ಟ್ರು ಬಂದ್ರು” ಎಂದು ಯಾರಾದರೂ ಅನ್ನುವುದು ಕಿವಿಗೆ ಬೀಳುತ್ತಿತ್ತು. ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವ ವಯಸ್ಸನ್ನು ನಾನು ದಾಟಿದ್ದೆ. ಇಪ್ಪತ್ತು ವರ್ಷದ ಸರ್ವಿಸು, ಎಲ್ಲ ಗೊತ್ತು ಎಂಬ ಗತ್ತು. ಆ ಗತ್ತು ಜಗಳೂರಿನಲ್ಲಿ ಇಳಿಯಿತು.

ನಮ್ಮಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಒಂದು ಕೇಸ್ ಕಾರ್ಡ್ ಇರುತ್ತದೆ. ಅದರಲ್ಲಿ ‘ಸಾಯುವ ಯೋಚನೆ: ಇದೆ / ಇಲ್ಲ’ ಎಂಬ ಒಂದು ಸಾಲು. ಇದಕ್ಕೆ ರಿಸ್ಕ್ ಅಸೆಸ್‌ಮೆಂಟ್ ಎನ್ನುತ್ತೇವೆ. ಅಂದರೆ, ಈ ಜೀವಕ್ಕೆ ತನ್ನಿಂದಲೇ ಅಪಾಯವಿದೆಯೇ ಎಂದು ಅಳೆಯುವುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಸುತ್ತಿ ಬಳಸದೆ ನೇರವಾಗಿ ಕೇಳಬೇಕು. ಆಶಾ ಕಾರ್ಯಕರ್ತೆಯರ ಪ್ರತಿ ತರಬೇತಿಯಲ್ಲೂ ನಾನು ಈ ಪಾಠ ಒಪ್ಪಿಸುತ್ತಿದ್ದೆ.

ಒಂದು ಶುಕ್ರವಾರ ಜಗಳೂರಿನ ತಾಲ್ಲೂಕು ಆಸ್ಪತ್ರೆಗೆ ಫಾತಿಮಾಬಿ ಎಂಬಾಕೆ ಮಗಳನ್ನು ಕರೆತಂದರು. ಹುಡುಗಿಯ ಹೆಸರು ಶಬಾನಾ, ಹತ್ತೊಂಬತ್ತು ವರ್ಷ, ಹುಟ್ಟಿನಿಂದ ಕಿವುಡಿ. ತಂದೆ ಬಾಷಾಸಾಬ್ ಹತ್ತಿ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದರು. ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ಮೂರು ವರ್ಷದಿಂದ ಮನೆಯಲ್ಲಿದ್ದಳು.

“ತಿಂಗಳಾತು ಮೇಡಂ, ಸರಿಯಾಗಿ ಉಣ್ಣಲ್ಲ, ಮಕ್ಕಣಲ್ಲ. ಗೋಡೆ ನೋಡ್ಕಂಡು ಕುಂತಿರ್ತಾಳೆ,” ಎಂದರು ತಾಯಿ.

ನಮ್ಮಲ್ಲಿ ಸನ್ನೆ ಭಾಷೆ ಬಲ್ಲವರು ಯಾರೂ ಇರಲಿಲ್ಲ. ಇಂಥವರು ಬಂದಾಗ ಜೊತೆಗೆ ಬಂದವರನ್ನೇ ದುಭಾಷಿ ಮಾಡಿಕೊಳ್ಳುವುದು ನಮ್ಮ ರೂಢಿ. ಊಟ, ನಿದ್ದೆ, ತಲೆನೋವು ಎಲ್ಲ ಕೇಳಿ, ಕೊನೆಗೆ, “ಸಾಯಬೇಕು ಅನ್ನಿಸುತ್ತಾ, ಕೇಳಿ ಅವಳನ್ನು,” ಎಂದೆ. ಫಾತಿಮಾಬಿ ಒಂದು ಗಳಿಗೆ ನನ್ನ ಮುಖ ನೋಡಿದರು. ಮಗಳ ಕಡೆ ತಿರುಗಿ ಏನೋ ಸನ್ನೆ ಮಾಡಿದರು. ಹುಡುಗಿ ಅಡ್ಡಡ್ಡ ತಲೆಯಾಡಿಸಿದಳು.

“ಇಲ್ಲ ಅಂತಾಳ್ರೀ.”

ಕಾರ್ಡಿನಲ್ಲಿ ‘ಇಲ್ಲ’ ಎಂದು ಬರೆದೆ. ಡಾಕ್ಟರು ಖಿನ್ನತೆಗೆ ಮಾತ್ರೆ ಬರೆದರು. ಮಾತ್ರೆ ನಿಮ್ಮ ಕೈಯಲ್ಲೇ ಇರಲಿ ಎಂದು ತಾಯಿಗೆ ಹೇಳಿ ಮುಂದಿನವರನ್ನು ಕರೆದೆ.

ಎರಡು ವಾರದ ಮೇಲೆ ಫಾತಿಮಾಬಿ ಒಬ್ಬರೇ ಬಂದರು. ಮುಖ ಅರಳಿತ್ತು.

“ಈಗ ಗುಣ ಐತ್ರೀ ಮೇಡಂ. ನಿನ್ನೆ ಮನೆಯೆಲ್ಲ ತೊಳೆದಳು. ತನ್ನ ಚೂಡಿದಾರ, ಬಳೆ ಎಲ್ಲ ಓಣಿ ಹುಡುಗೀರಿಗೆ ಹಂಚಿಬಿಟ್ಟಳು. ನಮ್ಮ ಹುಡುಗಿದು ಭಾಳ ದೊಡ್ಡ ಮನಸು.”

ನಾನು ಪೆನ್ನು ಕೆಳಗಿಟ್ಟೆ. ಕುಗ್ಗಿ ಹೋದವರು ಇದ್ದಕ್ಕಿದ್ದಂತೆ ಶಾಂತರಾಗಿ ತಮ್ಮ ವಸ್ತುಗಳನ್ನು ಹಂಚತೊಡಗಿದರೆ ಅದು ಗುಣವಾದ ಲಕ್ಷಣವಲ್ಲದೆಯೂ ಇರಬಹುದು. ನಾವು ಕಲಿಯುವ ಅಪಾಯದ ಗುರುತುಗಳಲ್ಲಿ ಅದೂ ಒಂದು.

“ಅವಳು ಎಲ್ಲಿದ್ದಾಳೆ?”

“ಮನೆಯಾಗೆ ಒಬ್ಬಳೇ ಅದಾಳ್ರೀ. ಅವರಪ್ಪ ಜುಮ್ಮಾ ನಮಾಜಿಗೆ ಹೋಗ್ಯಾರೆ.”

ಹೊರಗೆ ಮೂವತ್ತು ಜನರ ಸಾಲಿತ್ತು. ಡಾಕ್ಟರಿಗೆ ಎರಡು ಮಾತಿನಲ್ಲಿ ತಿಳಿಸಿ, ಫಾತಿಮಾಬಿಯನ್ನು ಆಟೋ ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಆಕೆ “ಯಾಕ್ರೀ ಮೇಡಂ, ಏನಾತ್ರೀ” ಎಂದು ಕೇಳುತ್ತಲೇ ಇದ್ದರು. ನಾನು ಆಟೋದವನಿಗೆ ಬೇಗ ಬೇಗ ಎನ್ನುತ್ತಿದ್ದೆ.

ಶಬಾನಾ ಪಾತ್ರೆ ಒರೆಸುತ್ತ ಕೂತಿದ್ದಳು. ಅವಳನ್ನು ಕಂಡ ಮೇಲೆ ನನಗೆ ಉಸಿರು ಬಂತು. ಹಳೇ ಚಾಳಿಯಂತೆ ನಾನು ತಾಯಿಯ ಕಡೆ ತಿರುಗಿ, “ಕೇಳಿ ಅವಳನ್ನು,” ಎಂದು ಶುರುಮಾಡಿದೆ. ಹುಡುಗಿ ನಮ್ಮಿಬ್ಬರ ಬಾಯಿಯನ್ನೂ ಒಂದೊಂದು ಸಲ ನೋಡಿ, ತಟ್ಟೆ ಕೆಳಗಿಟ್ಟು, ನಮಗೆ ಬೆನ್ನು ಹಾಕಿ ಕೂತಳು. ಆಗ ಗೋಡೆಯ ಮೇಲಿದ್ದ ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನನ್ನ ಕಣ್ಣಿಗೆ ಬಿತ್ತು. ಬಾಷಾಸಾಬ್ ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ಪಾಸಾದ ಹುಡುಗಿ! ನನ್ನ ಚೀಲದಲ್ಲಿ ಸದಾ ಎರಡು ಪೆನ್ನು, ಒಂದು ನೋಟ್‌ಬುಕ್ ಇರುತ್ತವೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ ಹಾಗಾಗಿತ್ತು ನನ್ನ ಬುದ್ಧಿ.

ತಾಯಿಯನ್ನು ಚಹಾ ಮಾಡಲು ಒಳಗೆ ಕಳಿಸಿದೆ. ಹುಡುಗಿಯ ಎದುರು ಹೋಗಿ ನೆಲದ ಮೇಲೆ ಕೂತು ಬರೆದೆ: ‘ಶಬಾನಾ, ಸಾಯಬೇಕು ಅನ್ನಿಸುತ್ತಿದೆಯಾ?’

ಅವಳು ಓದಿದಳು. ನನ್ನ ಮುಖ ನೋಡಿ ಮತ್ತೆ ಓದಿದಳು. ಪೆನ್ನು ತೆಗೆದುಕೊಂಡಳು. ಸನ್ನೆಯಲ್ಲೇ ಬೆಳೆದ ಮಕ್ಕಳ ಬರಹ ನಮ್ಮ ಹಾಗೆ ಇರುವುದಿಲ್ಲ, ಆದರೆ ಅರ್ಥಕ್ಕೆ ಕೊರತೆಯಿಲ್ಲ.

‘ಹೌದು. ಭಾನುವಾರ. ಎಲ್ಲರು ಚನ್ನಗಿರಿ ಮದುವೆ ಹೋಗು. ನಾನು ಮನೆ ಒಂಟಿ.’

ಅದರ ಕೆಳಗೆ ಇನ್ನೊಂದು ಸಾಲು: ‘ಇದು ಯಾರು ಕೇಳಿಲ್ಲ. ನೀನು ಮೊದಲು.’

ನಾನು ಅತ್ತುಬಿಟ್ಟೆ. ಸಮಾಲೋಚಕರು ಅಳಬಾರದು ಎಂದು ಪುಸ್ತಕದಲ್ಲಿದೆ. ಯಾಕೆ ಎಂದು ಬರೆದು ಕೇಳಿದೆ. ‘ಫೋನ್ ಇಲ್ಲ. ರೇಖಾ ಇಲ್ಲ. ಮಾತು ಇಲ್ಲ,’ ಎಂದು ಬರೆದಳು.

ರೇಖಾ ಹೊನ್ನಾಳಿಯವಳು, ಹಾಸ್ಟೆಲಿನ ಗೆಳತಿ. ದಿನಾ ಸಂಜೆ ಇಬ್ಬರೂ ವಿಡಿಯೋ ಕಾಲ್‌ನಲ್ಲಿ ಕೈಯಾಡಿಸಿ ಮಾತಾಡುತ್ತಿದ್ದರು. ಮನೆಯವರಿಗೆ ಬರುತ್ತಿದ್ದುದು ಊಟ, ನೀರು, ನಿದ್ದೆ, ಬಾ, ಹೋಗು, ಇಂಥ ಇಪ್ಪತ್ತು ಮೂವತ್ತು ಸನ್ನೆಗಳು ಮಾತ್ರ. ಉಳಿದ ಮಾತೆಲ್ಲ ರೇಖಾಳ ಜೊತೆ. ಬಾಷಾಸಾಬರ ಫೋನು ಕೆಟ್ಟಾಗ ಅವರು ಮಗಳ ಫೋನನ್ನು ಅಂಗಡಿಗೆ ಒಯ್ದಿದ್ದರು.

ನಮಾಜು ಮುಗಿಸಿ ಬಂದ ಅವರಿಗೆ ಆ ಹಾಳೆ ಓದಿ ಹೇಳಿದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು.

“ಕಿವಿ ಕೇಳಲ್ಲ, ಬಾಯಿ ಇಲ್ಲ, ಅವಳಿಗೆ ಫೋನ್ ಯಾತಕ್ಕೆ ಅಂತ ತಗಂಡೆ ಮೇಡಂ,” ಎಂದರು. “ಸುಮ್ನೆ ಕೈ ಆಡಿಸ್ತಾ ಆಟ ಆಡ್ತಾಳೆ ಅಂದ್ಕಂಡಿದ್ದೆ.”

ನನ್ನ ಸಿಟ್ಟು ತಾಯಿಯ ಮೇಲೆ ತಿರುಗಿತು. ಅವತ್ತು ‘ಇಲ್ಲ’ ಎಂದು ಯಾಕೆ ಹೇಳಿದಿರಿ ಎಂದು ಗದರಿದೆ. ಫಾತಿಮಾಬಿ ಸೆರಗು ಬಾಯಿಗೆ ಒತ್ತಿಕೊಂಡರು.

“ನಾನು ಆ ಮಾತು ಕೇಳ್ಲಿಲ್ರೀ. ಹೆತ್ತಾಕಿ ನಾನು, ಮಗಳಿಗೆ ಅಂಥ ಅಪಶಕುನ ಹೆಂಗೆ ಕೇಳ್ಲಿ? ಹಸಿವು ಐತಾ ಅಂದೆ. ಇಲ್ಲ ಅಂದ್ಲು.”

ನನ್ನ ಸಿಟ್ಟು ಅಲ್ಲೇ ಇಳಿಯಿತು. ಮಕ್ಕಳ ಮುಂದೆ ಸಾವಿನ ಮಾತು ಎತ್ತಬಾರದು ಎಂದು ನನ್ನ ತಾಯಿಯೂ ಬಾಯಿ ಮುಚ್ಚಿಸುತ್ತಿದ್ದಳು. ತಾಯಿಯ ಬಾಯಲ್ಲಿ ಬರಬಾರದ ಪ್ರಶ್ನೆಯನ್ನು ತಾಯಿಯಿಂದ ಕೇಳಿಸಿ, ಬಂದ ಉತ್ತರಕ್ಕೆ ಸಹಿ ಹಾಕಿದವಳು ನಾನು. ಆಕೆಯದು ಕರುಳು, ನನ್ನದು ಬರೀ ಸೋಮಾರಿತನ.

ಮದುವೆಗೆ ಯಾರೂ ಹೋಗಲಿಲ್ಲ. ಆ ಶುಕ್ರವಾರವೇ ಮಗಳನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ದಾಖಲು ಮಾಡಿದೆವು. ಭಾನುವಾರ ಇಡೀ ದಿನ ತಾಯಿ ಮಗಳ ಕೈ ಬಿಡಲಿಲ್ಲ. ಅದೇ ಸಂಜೆ ಬಾಷಾಸಾಬ್ ಫೋನು ತಂದುಕೊಟ್ಟರು. ಪರದೆಯಲ್ಲಿ ರೇಖಾ ಬಂದಾಗ ಇಬ್ಬರ ಕೈಗಳೂ ಎಷ್ಟು ಬಿರುಸಾಗಿ ಆಡಿದವೆಂದರೆ, ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಪ್ಪ ಬಾಗಿಲಲ್ಲಿ ನಿಂತು ಆ ಕೈಗಳನ್ನೇ ನೋಡುತ್ತಿದ್ದರು.

ಒಂದು ಫೋನಿನಿಂದ ಎಲ್ಲ ನೆಟ್ಟಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ಮುಂದುವರಿಯಿತು. ಆ ವಾರ ನಾನು ನಾಲ್ಕೂ ತಾಲ್ಲೂಕಿನ ಕಾರ್ಡುಗಳನ್ನು ಹರಡಿಕೊಂಡು ಕೂತೆ. ಅಣ್ಣ ಹೇಳಿದ ‘ಇಲ್ಲ’, ಅತ್ತಿಗೆ ಹೇಳಿದ ‘ಇಲ್ಲ’, ಮಾತು ತೊದಲುವ ಹುಡುಗನ ಪರವಾಗಿ ಅಪ್ಪ ಹೇಳಿದ ‘ಇಲ್ಲ’, ಎಲ್ಲವೂ ನನ್ನದೇ ದುಂಡಗಿನ ಅಕ್ಷರದಲ್ಲಿ. ಒಬ್ಬೊಬ್ಬರ ಮನೆಗೂ ಹೋಗಿ, ಬರೆದೋ, ತೋರಿಸಿಯೋ, ತಾಳ್ಮೆಯಿಂದ ಕಿವಿಗೊಟ್ಟೋ ಅವರನ್ನೇ ಕೇಳಿದೆ. ಇಬ್ಬರು ‘ಇದೆ’ ಎಂದರು.

ಶಬಾನಾ ಎರಡು ವಾರಕ್ಕೊಮ್ಮೆ ಬರುತ್ತಿದ್ದಳು. ಐದಾರು ತಿಂಗಳಾದ ಮೇಲೆ ಒಂದು ಶುಕ್ರವಾರ ವಿಪರೀತ ಜನ. ಅವಳು ಗೆಲುವಾಗಿ ಕಂಡಳು. ನಾನು ಊಟ, ನಿದ್ದೆ ವಿಚಾರಿಸಿ, ನೋಟ್‌ಬುಕ್ ಮುಚ್ಚಿ, ಎದ್ದು ನಿಂತು ಮುಂದಿನ ಹೆಸರು ಕೂಗಿದೆ. ಅವಳು ಏಳಲಿಲ್ಲ. ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡು ಬರೆದಳು: ‘ಇವತ್ತು ಕೇಳಿಲ್ಲ.’

ಪ್ರಶ್ನೆಯನ್ನು ಒಮ್ಮೆ ಕೇಳಿದರೆ ಸಾಲದು, ನಗುತ್ತಿರುವವರನ್ನೂ ಮತ್ತೆ ಮತ್ತೆ ಕೇಳಬೇಕು. ಈ ಪಾಠ ನನಗೆ ಕಲಿಸಿದವಳು ಅವಳೇ. ಒಳಬರುತ್ತಿದ್ದ ಮುಂದಿನವರನ್ನು ಕೈಸನ್ನೆಯಿಂದ ತಡೆದು, ನಿಂತಲ್ಲೇ ಬರೆದೆ: ‘ಸಾಯುವ ಯೋಚನೆ ಇದೆಯಾ?’

ಅವಳು ಪೆನ್ನು ಹಿಡಿದು ತುಸು ಹೊತ್ತು ಯೋಚಿಸಿದಳು. ನಂತರ ಬರೆದಳು: ‘ಇದೆ. ಸ್ವಲ್ಪ. ಕುಳಿತುಕೋ.’