ಔಷಧಿ ಇಲ್ಲದೆಯೇ ಇಳಿದ ಗೆರೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ನರಕೋಶಕ್ಕೆ ಕೂದಲಿಗಿಂತ ಸಣ್ಣ ಗಾಜಿನ ಮೊನೆ ಅಂಟಿಸಿ, ಕ್ಯಾಲ್ಸಿಯಂ ಚಾನೆಲ್ಲುಗಳೆಂಬ ಬಾಗಿಲುಗಳಿಂದ ಒಳಹರಿಯುವ ವಿದ್ಯುತ್ತನ್ನು ಪರದೆಯ ಮೇಲೆ ಗೆರೆಯಾಗಿ ಅಳೆಯುವುದು ಅವಳ ಕೆಲಸ. ಮನೆಯಲ್ಲಿ ಸೂಜಿಗೆ ದಾರ ಪೋಣಿಸಲು ಗಂಡನನ್ನು ಕೂಗುವವಳು ಇಲ್ಲಿ ಮಹಾ ಕೈಚಳಕದವಳು.

ಹೊಸ ಔಷಧಿಯೊಂದು ಕೋಶದ ಹೊರಮೈಯಲ್ಲಿರುವ ಗ್ರಾಹಿ ಎಂಬ ಕೊಂಡಿಗೆ ಅಂಟಿದರೆ, ಒಳಗಿನ ಒಂದು ಪ್ರೋಟೀನು ಹೋಗಿ ಆ ಬಾಗಿಲುಗಳನ್ನು ಅದುಮಿ ಹಿಡಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ನೋವಿನ ಸುದ್ದಿ ಮುಂದಿನ ಕೋಶಕ್ಕೆ ದಾಟುವುದಿಲ್ಲ. ಇದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವರ ನಂಬಿಕೆ. ಅಂದು ಬೆಳಗ್ಗೆ ಔಷಧಿಯ ಪರೀಕ್ಷೆಯಲ್ಲಿ ದೊಡ್ಡಕ್ಕನ ಗೆರೆ ಸರಸರನೆ ಇಳಿಯಿತು. ಮೇಡಂ ಬೆನ್ನು ತಟ್ಟಿದರು. ಹಣ ಕೊಡುವವರ ನಾಳೆಯ ಸಭೆ ಆ ಗೆರೆಯ ಚಿತ್ರವನ್ನು ಮೆಚ್ಚಿದರೆ ಯೋಜನೆ ಮುಂದುವರಿಯುತ್ತದೆ, ಅವಳ ಕೆಲಸವೂ ಉಳಿಯುತ್ತದೆ. ಅವಳು ದೇವರಿಗೆ ಕೈಮುಗಿದಳು. ಅಷ್ಟಕ್ಕೇ ನಿಲ್ಲಿಸಬಾರದೇ? ಗಂಡನಿಗೂ ಫೋನು ಮಾಡಿದಳು.

"ನೋವಿಗೆ ಮದ್ದು ಸಿಕ್ತು ರೀ!"

"ಮೊದಲು ನನ್ನ ಮೊಣಕಾಲಿಗೆ ತಗೊಂಡು ಬಾ, ಮಹಾತಾಯಿ."

ಸಂಜೆ ಕೊಳವೆಗಳನ್ನು ತೊಳೆಯಲು ಕೂತಾಗ ಔಷಧಿಯ ಪುಟ್ಟ ನಲ್ಲಿ ಕಂಡಿತು. ಮುಚ್ಚಿಯೇ ಇತ್ತು; ಔಷಧಿ ತುಂಬಿದಷ್ಟೇ ಇತ್ತು. ಒಂದು ಹನಿಯೂ ಕೋಶವನ್ನು ಮುಟ್ಟಿರಲಿಲ್ಲ; ಹರಿದದ್ದು ಕೋಶವನ್ನು ಮುಳುಗಿಸಿಡುವ ಉಪ್ಪುನೀರು ಮಾತ್ರ. ಗಾಜಿನ ಮೊನೆ ಒಳಹೊಕ್ಕ ಮೇಲೆ ಕೋಶದ ಸತ್ವ ಸೋರಿ ಗೆರೆ ತಾನಾಗಿಯೇ ಇಳಿಯುವುದುಂಟು. ಅದಕ್ಕೇ ಔಷಧಿ ತೊಳೆದು, ಗೆರೆ ಮತ್ತೆ ಏರುತ್ತದೆಯೇ ಎಂದು ನೋಡಬೇಕು. ಹೊಸಬರಿಗೆಲ್ಲ ಈ ಪಾಠ ಹೇಳಿದವಳೇ ಹೊಗಳಿಕೆಯ ಅವಸರದಲ್ಲಿ ಅದನ್ನು ಬಿಟ್ಟಿದ್ದಳು.

"ಭೇಷ್ ಕಣೇ," ಎಂದುಕೊಂಡಳು. "ಬರೀ ಉಪ್ಪುನೀರಲ್ಲೇ ನೋವು ವಾಸಿ ಮಾಡಿದ ಪುಣ್ಯಾತ್ಗಿತ್ತಿ!"

ಕಂಡವರು ಯಾರೂ ಇರಲಿಲ್ಲ. "ದೇವರೇ, ನೀನೂ ನೋಡಲಿಲ್ಲ ಅಂದುಕೊಳ್ಳಲಾ?" ಎಂದು ಕೇಳಿದಳು. ಕೇಳಿದ ಮೇಲೆ ತನಗೇ ನಗು ಬಂದು, ಎದ್ದು ಮೇಡಂ ಕೋಣೆಗೆ ಹೋದಳು.

"ಮೇಡಂ, ನಲ್ಲಿ ತಿರುಗಿಸೋದೇ ಮರೆತೆ. ಔಷಧಿ ಹೋಗೇ ಇಲ್ಲ."

"ಮತ್ತೆ ಗೆರೆ ಇಳೀತಲ್ಲ?"

"ಕೋಶಕ್ಕೆ ಸುಸ್ತಾಗಿತ್ತು. ನನಗೆ ಜಂಬ ಏರಿತ್ತು."

ಮೇಡಂ ಚಿತ್ರವನ್ನು ಅಳಿಸಿದರು. "ನಾಳೆ ಏನು ತೋರಿಸಲಿ ದೊಡ್ಡಕ್ಕಾ? ನಿಮ್ಮ ಮುಖಾನಾ?"

"ಅದೂ ಆಗಲೇ ಇಳಿದುಹೋಗಿದೆ ಮೇಡಂ."

ಮೇಡಂ ನಗಲಿಲ್ಲ. "ಬೆಳಗ್ಗೆ ಬೇಗ ಬನ್ನಿ. ನಲ್ಲಿ ನಾನೇ ತಿರುಗಿಸ್ತೀನಿ."

ಮರುದಿನ ಔಷಧಿ ಬಿಟ್ಟಾಗ ಗೆರೆ ಒಂದಿಷ್ಟು, ಕೇವಲ ಒಂದಿಷ್ಟು, ಇಳಿಯಿತು. ತೊಳೆದಾಗ ಮತ್ತೆ ಏರಿತು. ಸಭೆಯವರು "ಇಷ್ಟೇನಾ?" ಎಂದರು. ಆದರೂ ಯೋಜನೆಗೆ ಅರ್ಧ ವರ್ಷ ಕೊಟ್ಟರು. ಅರ್ಧ ವರ್ಷವೆಂದರೆ, ದೊಡ್ಡಕ್ಕನ ಲೆಕ್ಕದಲ್ಲಿ, ಇನ್ನೂ ಬೇಕಾದಷ್ಟು ತಪ್ಪು ಮಾಡಲು ಸಾಕು.