ತಂಬಿಗೆ ಬೀಳದ ಭೂಕಂಪ

ಊರೂರನ್ನೇ ಕೆಡವಿದ ಆ ದೊಡ್ಡ ಭೂಕಂಪದ ನಂತರ ಗಡಿಯಾಚೆಯ ನಮ್ಮ ಕಾಸಾರಶಿರಸಿ ಕಡೆ ಮನೆಮನೆಯಲ್ಲೂ ಒಂದು ತಂಬಿಗೆಯ ಮೇಲೆ ಇನ್ನೊಂದನ್ನು ಬೋರಲಿಡುವ ರೂಢಿ ಬಂತು. ಭೂಮಿ ಅಲುಗಿದರೆ ಮೇಲಿನದು ಉರುಳುತ್ತದೆ, ಸದ್ದು ಕೇಳಿ ನಾವು ಅಂಗಳಕ್ಕೆ ಓಡುತ್ತೇವೆ. ನಮ್ಮ ಮನೆಯಲ್ಲಿ ಬೆಕ್ಕು ಬೀಳಿಸಿದರೂ ಓಡುತ್ತಿದ್ದೆವು. ಬೆಕ್ಕೂ ನಮ್ಮ ಜೊತೆ ಓಡುತ್ತಿತ್ತು.

ನನ್ನ ಅತ್ತೆಗೆ ಮಾತ್ರ ತಂಬಿಗೆಯ ಮೇಲೆ ನಂಬಿಕೆ ಇರಲಿಲ್ಲ. ವರ್ಷಗಳು ಕಳೆದು ಊರೆಲ್ಲ ಮನೆಯೊಳಗೆ ಮಲಗತೊಡಗಿದ ಮೇಲೂ, ಜೋಳ ಹಸನು ಮಾಡುತ್ತ ಕೂತವರು ಇದ್ದಕ್ಕಿದ್ದಂತೆ, "ಹೊರಗ ಬರ್ರಿ, ಭೂಮಿ ನಡಗಲತ್ತದ!" ಎಂದು ಕೂಗುವರು. ತಂಬಿಗೆ ಇದ್ದಲ್ಲೇ ಇರುತ್ತಿತ್ತು. ಅತ್ತೆ ಅಂಗಳದಲ್ಲಿ ಏದುಸಿರು ಬಿಡುತ್ತ, ಊದಿದ ಪಾದ ಚಾಚಿ, ನಮ್ಮನ್ನೆಲ್ಲ ಬದುಕಿಸಿದ ಸಮಾಧಾನದಲ್ಲಿ ಕೂರುತ್ತಿದ್ದರು.

ಆ ಪಾದ ನೋಡಿ ಉದಗೀರಕ್ಕೆ ಕರೆದೊಯ್ದೆ. ಡಾಕ್ಟರು ಪರೀಕ್ಷೆ ಮಾಡಿ, "ಅವ್ವಾ, ಭೂಮಿ ನಿಂತದರೀ. ನಡಗೂದು ನಿಮ್ಮ ಎದಿ," ಅಂದರು. ಹೃದಯ ಸೋತಿದೆ, ಸೋತದ್ದಕ್ಕೇ ಓಡುತ್ತದೆ, ಓಡಿ ಇನ್ನಷ್ಟು ಸೋಲುತ್ತದೆ. ಪಾದದಲ್ಲಿ ತುಂಬಿದ ನೀರು ಇಳಿಯಲು ಒಂದು ಗುಳಿಗೆ, ಓಟ ತಗ್ಗಲು ಇನ್ನೊಂದು. ಓಟದ ಗುಳಿಗೆಯನ್ನು ಚೂರಿನಿಂದ ಶುರು ಮಾಡಿ ಮೆಲ್ಲಗೆ ಏರಿಸಬೇಕು, ಕೇಳದೆ ಬಿಡಬಾರದು. ನನಗೆ ನಾಡಿ ಎಣಿಸುವುದನ್ನೂ ಕಲಿಸಿದರು. ಸೊಸೆ ದಿನವೂ ಅತ್ತೆಯ ಕೈ ಹಿಡಿದು ಮಾತಿಲ್ಲದೆ ಕೂರುವುದನ್ನು ನೋಡಿ ಓಣಿಯವರಿಗೆ ಅನುಮಾನ ಬಂತು.

ಮೊದಮೊದಲು ಅತ್ತೆಗೆ ಸುಸ್ತಾಯಿತು, ಆಮೇಲೆ ಭೂಮಿ ನಿಂತಿತು. ನಿಂತದ್ದೇ ತಡ, ಗುಳಿಗೆ ಬಿಟ್ಟರು. "ಭೂಕಂಪ ಹೋಯ್ತಲ್ಲ, ಇನ್ನ ಗುಳಿಗಿ ಯಾಕ?" ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಎಂಬ ಲೆಕ್ಕ. ಕೆಲವೇ ದಿನಗಳಲ್ಲಿ ಮಲಗಲಾರದೆ, ಕೂತೇ ಉಸಿರೆಳೆಯುವಂತಾಯಿತು. ಜೀಪಿನಲ್ಲಿ ಮತ್ತೆ ಉದಗೀರಕ್ಕೆ ಹೋಗುವಾಗ ಅವರ ಎದೆ ನನ್ನ ತೋಳಿಗೆ ಬಡಿಯುತ್ತಿತ್ತು. ಆ ದೊಡ್ಡ ಭೂಕಂಪದಲ್ಲೂ ನಾನು ಅಷ್ಟು ಹೆದರಿರಲಿಲ್ಲ. ಬದುಕಿ ಬಂದರು. ಗುಳಿಗೆ ಮತ್ತೆ ಚೂರಿನಿಂದ ಶುರುವಾಯಿತು, ನಾಡಿ ನೋಡುವುದನ್ನು ಈಗ ಅವರೇ ಕಲಿತರು.

ಮರುವರ್ಷ ಒಂದು ಮಧ್ಯಾಹ್ನ ತಂಬಿಗೆ ನಿಜವಾಗಿಯೂ ಉರುಳಿತು. ಬೆಕ್ಕು ಅಂಗಳದಲ್ಲಿತ್ತು. ಎಲ್ಲರೂ ಓಡಿದರು. ಅತ್ತೆ ಕೂತಲ್ಲೇ ಕೂತು, ಕಣ್ಣು ಮುಚ್ಚಿ, ತಮ್ಮ ನಾಡಿಯ ಮೇಲೆ ಬೆರಳಿಟ್ಟಿದ್ದರು.

"ಅತ್ತೀ, ಏಳ್ರಿ!"

"ತಡಿ. ನಂದು ಓಡಲತ್ತಿಲ್ಲ, ಬರೋಬ್ಬರಿ ಅದ."

ರಟ್ಟೆ ಹಿಡಿದು ಎಳೆದುಕೊಂಡೇ ಹೊರಗೆ ಬಂದೆ. ಭೂಮಿ ಸುಮ್ಮನಾದ ಮೇಲೆ ಅತ್ತೆ ನನ್ನ ಮಣಿಕಟ್ಟು ಹಿಡಿದು ಬಹಳ ಹೊತ್ತು ನಾಡಿ ನೋಡಿದರು.

"ಯವ್ವಾ, ನಿಂದು ಭಾಳ ಓಡಲತ್ತದ. ನಾಳೆ ಉದಗೀರಕ್ಕ ನಡಿ, ನಾ ಕರಕೊಂಡು ಹೋಗ್ತೀನಿ."