ಎರಡು ಮುಳ್ಳುಬೇಲಿಗಳ ನಡುವೆ

ಮೊದಲ ಲಾಕ್‌ಡೌನ್ ಬಂದಾಗ ನಾನು ತಿಪಟೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಪೇಟೆಗಿಂತ ತೋಟದ ಮನೆ ವಾಸಿ ಅನ್ನಿಸಿ ಅವ್ವನನ್ನು ಕರೆದುಕೊಂಡು ಹೊರಟೆ. ನಮ್ಮ ತೋಟ ಎರಡು ಊರುಗಳ ನಡುವೆ, ತಾಲ್ಲೂಕಿನ ಗಡಿಯ ಮೇಲೇ ಇದೆ. ದಕ್ಷಿಣಕ್ಕೆ ನಮ್ಮೂರು, ತಿಪಟೂರು ತಾಲ್ಲೂಕು. ಉತ್ತರಕ್ಕೆ ಅವ್ವನ ತವರು, ಚಿಕ್ಕನಾಯಕನಹಳ್ಳಿ ತಾಲ್ಲೂಕು. ಎರಡೂ ಊರಿಗೆ ಹಾಯುವ ದಾರಿ ಇರುವುದು ಒಂದೇ.

ಒಂದು ಬೆಳಿಗ್ಗೆ ಹಾಲು ತರಲು ಹೋದರೆ ನಮ್ಮೂರಿನ ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಹಾಕಿದ್ದರು. ಅದರಾಚೆ ಕುರ್ಚಿಯಲ್ಲಿ ಕೂತಿದ್ದವನು ನನ್ನ ಜೊತೆ ಓದಿದವನು, ಈಗ ದಿನಸಿ ಅಂಗಡಿ ಇಟ್ಟಿದ್ದಾನೆ.

“ಒಳಕ್ಕೆ ಬರ್ಬೇಡ ಕಣ್ಲಾ. ಟೌನಿಂದ ಬಂದಿದ್ದೀಯ. ಊರೋರೆಲ್ಲ ತೀರ್ಮಾನ ಮಾಡವ್ರೆ.”

“ನಾನೂ ಊರೋನೇ ಅಲ್ವೇನ್ಲಾ?”

“ತೋಟ ಊರಾಚೆ ಐತೆ, ಬುಡು.”

ಉತ್ತರದ ಕಡೆ ಹೋದೆ. ಅಲ್ಲೂ ಮುಳ್ಳು. ಕಾವಲಿದ್ದವನು ನನ್ನ ಸೋದರಮಾವನ ಮಗ. “ತಪ್ಪು ತಿಳ್ಕಬೇಡಿ ಭಾವ, ನೀವು ಆ ತಾಲ್ಲೂಕಿನೋರು,” ಎಂದು ಕೋಲನ್ನು ಅಡ್ಡ ಹಿಡಿದೇ ಮಾತಾಡಿದ.

ರಾಜ್ಯಕ್ಕೆ ಭೂಪ್ರದೇಶ, ಜನ, ಸರ್ಕಾರ, ಪರಮಾಧಿಕಾರ ಬೇಕೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಪಾಳೆಯಗಾರರ ಕೋಟೆ ಹೋಗಿ ಸಂಸ್ಥಾನ ಬಂತು, ಸಂಸ್ಥಾನ ಹೋಗಿ ದೇಶವಾಯಿತು ಎಂದು, ಎಲ್ಲ ಮುಗಿದುಹೋದ ಕಥೆಯ ಹಾಗೆ ಹೇಳುತ್ತಿದ್ದೆ. ಈಗ ಮುಳ್ಳಿನಾಚೆ ಒಂದೊಂದು ಊರೂ ಒಂದೊಂದು ಪಾಳೆಯವಾಗಿತ್ತು. ನಾವಿಬ್ಬರು ಮಾತ್ರ ಯಾರ ಪ್ರಜೆಗಳೂ ಆಗಿರಲಿಲ್ಲ.

ರಾಗಿ, ಎಳನೀರು ಇದ್ದವು, ಹಸಿವಾಗಲಿಲ್ಲ. ಆದರೆ ಅವ್ವನ ಬಿ.ಪಿ. ಮಾತ್ರೆ ಮುಗಿಯಿತು. ಸಹಾಯವಾಣಿಗೆ ಫೋನ್ ಮಾಡಿದರೆ, ತೋಟ ಯಾವ ತಾಲ್ಲೂಕಿಗೆ ಸೇರುತ್ತದೆ ಎಂದು ಮೊದಲು ತಿಳಿದುಕೊಳ್ಳಿ ಎಂದರು. ಅವ್ವನಿಗೆ ತಲೆ ಸುತ್ತತೊಡಗಿತು. ತೆಂಗಿನ ಸಾಲುಗಳ ನಡುವೆ ಅತ್ತಿಂದಿತ್ತ ಓಡಾಡುವುದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ.

ಅವ್ವನೇ ಎದ್ದು ನಡೆದು ಉತ್ತರದ ಬೇಲಿಯ ಮುಂದೆ ನೆಲದ ಮೇಲೆ ಕೂತು, ಮಾತ್ರೆ ಮುಗಿದದ್ದನ್ನು ಅಣ್ಣನ ಮಗನಿಗೆ ಹೇಳಿದಳು.

“ನಿನ್ನ ತೊಟ್ಲು ತೂಗ್ದೋಳು ಕಣೋ ನಾನು. ಯಾವ ತಾಲ್ಲೂಕು ಅಂತ ಕೇಳಿ ತೂಗಿದ್ನಾ?”

ಅವನು ತಲೆ ತಗ್ಗಿಸಿದ. “ಬೇಲಿ ತೆಗುದ್ರೆ ನನ್ನೂ ಆಚೆಗೆ ಹಾಕ್ತಾರೆ ಅತ್ತೆ,” ಎಂದ.

ಸಂಜೆಯೊಳಗೆ ಮಾತ್ರೆ ಹೊಂದಿಸಿ ತಂದ. ಉದ್ದನೆಯ ಬಿದಿರು ಗಳುವಿನ ತುದಿಗೆ ಕಟ್ಟಿ ಮುಳ್ಳಿನ ಮೇಲಿಂದ ಚಾಚಿದ. ಅವ್ವ ಬಿಚ್ಚಿಕೊಳ್ಳುವಾಗ ಅವನೇ ಅಳುತ್ತಿದ್ದ.

ದಾರಿ ತೆರೆಯಲು ವಾರಗಳೇ ಹಿಡಿದವು. ತೆರೆದ ದಿನ ಅವನು ಊಟಕ್ಕೆ ಕರೆಯಲು ಬಂದ.

“ನೀನು ಒಳ್ಳೇವ್ನೇ ಕಣಪ್ಪ. ನಾಳೆ ಇನ್ನೇನಾದ್ರೂ ಬಂದ್ರೆ ಮತ್ತೆ ಮುಳ್ಳು ಹಾಕ್ತೀರಲ್ಲ,” ಎಂದಳು ಅವ್ವ.

ಆಮೇಲೆ ಅವಳು ಹಬ್ಬಕ್ಕೂ ತವರಿಗೆ ಹೋಗಲಿಲ್ಲ.